ಸಂಡೂರಿನ ಬೀಳು ಹೊಲದಲ್ಲಿ ಇಂಗಾಲದ ಲೆಕ್ಕ: ನಾಲ್ಕನೇ ತಿಂಗಳು

ಗಿಡಗಳಲ್ಲಿ ಎಷ್ಟು ಇಂಗಾಲ ಕೂಡಿದೆ ಅಂತ ಲೆಕ್ಕ ಹಾಕೋಕೆ ಈ ತಿಂಗಳು 23 ಗಿಡಗಳನ್ನೂ ಮತ್ತೆ ಅಳೆದೆ. ಜಾಗ ಅದೇ, ಗುಡ್ಡದ ಬುಡದಲ್ಲಿರುವ ದೊಡ್ಡಪ್ಪನ ಬೀಳು ಹೊಲ. 50 ಮೀಟರ್ ಉದ್ದ, 20 ಮೀಟರ್ ಅಗಲ. ಬೇವು, ತುಗ್ಗಲಿ, ಎರಡು ಕಮರ, ಉಳಿದದ್ದೆಲ್ಲ ಜಾಲಿ.

ಮತ್ತೆ ಅಳೆಯಬೇಕಾಗಿ ಬಂದದ್ದು ಇಳಿಜಾರಿನಿಂದ. ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆದುಕೊಳ್ಳಬೇಕು. ಇಳಿಜಾರಿದ್ದರೆ ಮೇಲ್ಗಡೆ ನಿಂತು ಆ ಎತ್ತರ ಗುರುತು ಮಾಡಬೇಕು. ನಾನು ಮೊದಲ ಸಲ ಕೆಳಗಡೆ ನಿಂತು ಗುರುತು ಮಾಡಿದ್ದೆ. ಟೇಪು ಕಾಂಡದ ದಪ್ಪ ಭಾಗಕ್ಕೆ ಬಿದ್ದಿತ್ತು. ದೊಡ್ಡ ಬೇವು 97 ಸೆಂ.ಮೀ. ಅಂತ ಬರೆದಿದ್ದೆ, ಸರಿಯಾಗಿ ಅಳೆದರೆ 94. ಈಗ ಎಲ್ಲಾ ಗಿಡಕ್ಕೂ ಬಿಳಿ ಬಣ್ಣದ ಗೆರೆ ಎಳೆದಿದ್ದೀನಿ. ಅದಿರಿನ ಕೆಂಪು ಧೂಳು ಕೂತಿರುವ ತೊಗಟೆ ಮೇಲೆ ಬಿಳಿ ಚೆನ್ನಾಗಿ ಕಾಣುತ್ತೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಬೇರಿನ ಲೆಕ್ಕದ್ದು. ಬೇರನ್ನು ಅಗೆದು ತೂಗೋಕೆ ಆಗಲ್ಲ ಅಲ್ವಾ, ಅದಕ್ಕೆ ನೆಲದ ಮೇಲಿನ ತೂಕವನ್ನು ಒಂದು ಅನುಪಾತದಿಂದ ಗುಣಿಸುತ್ತಾರೆ. ನಾನು 0.28 ಹಾಕಿದ್ದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಮತ್ತೆ ಓದಿದಾಗ ಗೊತ್ತಾಯಿತು: ಉಷ್ಣವಲಯದ ಒಣ ಕಾಡಿನಲ್ಲಿ ನೆಲದ ಮೇಲಿನ ತೂಕ ಹೆಕ್ಟೇರಿಗೆ 20 ಟನ್ ದಾಟಿದ್ದರೆ ಮಾತ್ರ 0.28, ಅದಕ್ಕಿಂತ ಕಡಿಮೆ ಇದ್ದರೆ 0.56. ನಮ್ಮ ಹೊಲದಲ್ಲಿ ಇರೋದು ಹೆಕ್ಟೇರಿಗೆ ಸುಮಾರು 16 ಟನ್. ಆ ಬೇವಿನ ಗಿಡವನ್ನೇ ನೋಡಿ. ಸುತ್ತಳತೆ 94, ಅಂದರೆ ವ್ಯಾಸ 30 ಸೆಂ.ಮೀ. ಎತ್ತರ 8 ಮೀಟರ್. ಇವನ್ನು ಸೂತ್ರಕ್ಕೆ ಹಾಕಿದರೆ ನೆಲದ ಮೇಲಿನ ಒಣ ತೂಕ ಸುಮಾರು 270 ಕಿಲೋ. ಬೇರು ಸೇರಿಸಿದರೆ 421. ಅದರಲ್ಲಿ ಇಂಗಾಲ 0.47 ಪಾಲು, 198 ಕಿಲೋ. ಇಂಗಾಲಕ್ಕೆ ಆಮ್ಲಜನಕ ಸೇರಿದಾಗ ತೂಕ 3.67 ಪಟ್ಟು ಆಗುತ್ತೆ, ಅದರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್ ಸುಮಾರು 725 ಕಿಲೋ. ಹೋದ ತಿಂಗಳ ಲೆಕ್ಕದಲ್ಲಿ ಇದೇ ಗಿಡದ ಬೇರನ್ನು ಅರ್ಧಕ್ಕೆ ಇಳಿಸಿಬಿಟ್ಟಿದ್ದೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಎನ್.ಎಚ್. ರವೀಂದ್ರನಾಥ್ ಅವರ ಬರಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಐಪಿಸಿಸಿಯ 2007ರ ವರದಿಯಲ್ಲಿ ಅರಣ್ಯದ ಅಧ್ಯಾಯ ಬರೆದವರಲ್ಲಿ ಒಬ್ಬರು. ಇಂಗಾಲ ಅಳೆಯುವ ವಿಧಾನಗಳ ಬಗ್ಗೆ 2008ರಲ್ಲಿ ಮ್ಯಾಡಲೀನ್ ಓಸ್ಟ್‌ವಾಲ್ಡ್ ಜೊತೆ ಕೈಪಿಡಿ ತಂದರು. 2006ರಲ್ಲಿ ಅವರೂ ಸಂಗಡಿಗರೂ ಮಾಡಿದ ಅಂದಾಜಿನ ಪ್ರಕಾರ, ಇಂಗಾಲದ ಹೊಗೆ ಜಾಸ್ತಿಯಾಗುತ್ತಲೇ ಹೋದರೆ 2085ರ ಹೊತ್ತಿಗೆ, ನಕ್ಷೆಯಲ್ಲಿ ಚೌಕ ಚೌಕವಾಗಿ ವಿಂಗಡಿಸಿದ ದೇಶದ ಕಾಡಿನಲ್ಲಿ ನೂರಕ್ಕೆ 77 ಚೌಕಗಳಲ್ಲಿ ಕಾಡಿನ ಬಗೆಯೇ ಬದಲಾಗಬಹುದು.

ಇದಕ್ಕೆಲ್ಲ ಮೊದಲು ಅವರು ತುಮಕೂರು ಜಿಲ್ಲೆಯ ಉಂಗ್ರದಲ್ಲಿ, ಒಂದು ಹಳ್ಳಿಯೊಳಗೆ ಬೆಳೆ, ಸೌದೆ, ಮೇವು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕುತ್ತಿದ್ದರು. ನನಗೆ ಅವರ ಪ್ರಭಾವ ಅಂದರೆ ಅದೇ. ಹಳ್ಳಿಯ ಸೌದೆಯನ್ನು ತೂಗಿದ ಕೈ ಜಗತ್ತಿನ ವರದಿ ಬರೆಯಿತು. ನಮ್ಮ ಪಕ್ಕದ ಚಿತ್ರದುರ್ಗದಲ್ಲಿ ಉದ್ಯೋಗ ಖಾತ್ರಿ ಕೆಲಸಗಳಿಂದ ನೀರಿಗೆ, ಮಣ್ಣಿಗೆ ಏನು ಲಾಭ ಆಯಿತು ಅಂತ ಅವರ ತಂಡ ನೋಡಿ, 2011ರಲ್ಲಿ ಪ್ರಕಟಿಸಿತು. ಕೆರೆ ಹೂಳೆತ್ತುವುದನ್ನು ಹವಾಮಾನದ ಕೆಲಸ ಅಂತ ನಾನು ಕಂಡದ್ದು ಅದನ್ನು ಓದಿದ ಮೇಲೆ.

ಹೋದ ಭಾನುವಾರ ಕುರಿ ಕಾಯುವ ಕಾಕಾ ಬಂದು ಪಕ್ಕದಲ್ಲಿ ಕೂತರು. ತುಗ್ಗಲಿಗೆ ಟೇಪು ಹಿಡಿದಿದ್ದೆ. "ಇದನ್ನ ನಮ್ಮಪ್ಪನೂ ಕಡದಾನ, ನಾನೂ ಕಡದೀನಿ. ಬುಡ ಹಳೇದೈತಿ ತಮ್ಮಾ, ಟೊಂಗಿ ಅಷ್ಟೇ ಹೊಸವು" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಗೊಬ್ಬರದ ಸೊಪ್ಪಿಗೆ ಅಂತ ಕಡಿದು ಕಡಿದು, ಪ್ರತಿ ಸಲ ಹೊಸ ಚಿಗುರು ಬಂದಿದೆ. ನೆಲದ ಕೆಳಗಿನ ಬೇರಿಗೆ ಮಾತ್ರ ಎರಡು ತಲೆಮಾರಿನ ವಯಸ್ಸು. ಸೂತ್ರಕ್ಕೆ ಕಾಣೋದು ಮೇಲಿನ ತೆಳು ಕೊಂಬೆ ಮಾತ್ರ. ತುಗ್ಗಲಿಗೆ 0.56 ಕೂಡ ಸಾಲದು ಅಂತ ನನಗೆ ಅನ್ನಿಸುತ್ತೆ.

ಅವತ್ತಿನಿಂದ ತುಗ್ಗಲಿ ಬುಡಗಳಿಗೆ ಬೇರೆ ಪುಸ್ತಕ ಇಟ್ಟಿದ್ದೀನಿ. ಮೊದಲನೆಯ ಬುಡ ನೆಲದ ಹತ್ತಿರ 162 ಸೆಂ.ಮೀ. ಅದರ ಮೇಲೆ ಐದು ಕೊಂಬೆ, ಎಲ್ಲಕ್ಕಿಂತ ದಪ್ಪದ್ದು 31.