ಕರೆಂಟ್ ಕಂಪನಿ ಬದಲಾಯಿಸಲು ಹೊರಟಾಗ

ಅಂಧೇರಿಯಲ್ಲಿ ಸಣ್ಣ ಹೋಟೆಲು ನಡೆಸುವ ನಮ್ಮ ದೊಡ್ಡಪ್ಪನ ಮಗ ಯುಗಾದಿಗೆ ತುಮಕೂರಿಗೆ ಬಂದಿದ್ದ. ಹಿಟ್ಟಿನ ಮಿಷನ್ನಿನ ಗಲ್ಲಾಪೆಟ್ಟಿಗೆಯ ಮೇಲಿದ್ದ ಕರೆಂಟ್ ಬಿಲ್ಲು ಎತ್ತಿ ನೋಡಿ, "ಇಷ್ಟು ಕಟ್ತಾ ಕೂತಿದ್ದೀಯಲ್ಲಮ್ಮ, ಕಂಪನಿ ಬದಲಾಯಿಸಬಾರದಾ?" ಅಂದ. ಅವನ ಕಡೆ ಅದು ನಡೆಯುವ ಮಾತೇ. ಮುಂಬಯಿಯ ಉಪನಗರಗಳಲ್ಲಿ ಟಾಟಾ ಪವರ್‌ಗೂ ಪರವಾನಗಿ ಇದೆ, ಅದಾನಿಗೂ ಇದೆ. 2008ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ, 2009ರಿಂದ ಗ್ರಾಹಕರು ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಬಹುದು. ಕಂಬ, ತಂತಿ ಹಳೆಯವೇ ಇರುತ್ತವೆ, ಬಿಲ್ಲು ಕಳಿಸುವವರು ಮಾತ್ರ ಬೇರೆಯಾಗುತ್ತಾರೆ.

ನಮ್ಮದು ಗುಬ್ಬಿ ಗೇಟ್ ಕಡೆ ಇರುವ ಹಳೇ ಮಿಷನ್ನು. ಅಪ್ಪ ಹಾಕಿದ್ದು, ಅವರಿಗೆ ಮಂಡಿ ನೋವು ಬಂದ ಮೇಲೆ ನಾನು ನೋಡಿಕೊಳ್ಳುತ್ತಿದ್ದೇನೆ. ರಾಗಿಗೆ ಒಂದು, ಮೆಣಸಿನಕಾಯಿ ಮತ್ತು ಸಾಂಬಾರು ಸಾಮಾನಿಗೆ ಒಂದು. ಬೇಸಿಗೆ ಬಂತೆಂದರೆ ಹಪ್ಪಳ ಸಂಡಿಗೆಯ ಅಕ್ಕಿ ಹಿಟ್ಟು, ವರ್ಷಕ್ಕಾಗುವಷ್ಟು ಖಾರದ ಪುಡಿ, ಹುರಿಹಿಟ್ಟು ಎಂದು ಬೆಳಗಿನಿಂದ ಡಬ್ಬಗಳ ಸಾಲು ಬಾಗಿಲು ದಾಟಿ ರಸ್ತೆಗೆ ಬರುತ್ತದೆ. ಕೆಲಸ ಹೆಚ್ಚಾದಾಗ ಬಿಲ್ಲೂ ಹೆಚ್ಚಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗಿರಾಕಿ ಇಲ್ಲದ ಮಳೆಗಾಲದ ತಿಂಗಳಲ್ಲೂ ಅದು ಅಷ್ಟಾಗಿ ಇಳಿಯುವುದಿಲ್ಲ. ಮಹಡಿ ಮೇಲಿನ ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. ಅದೇ ಗೋಡೆಯ ಇನ್ನೊಂದು ಮೀಟರಿನಿಂದ ಕೆಳಗಿನ ಮಿಷನ್ನಿಗೆ ಸಾವಿರಗಟ್ಟಲೆ. ಕೇಜಿಗೆ ಒಂದು ರೂಪಾಯಿ ಹೆಚ್ಚು ಕೇಳಿದರೂ "ಶಿರಾ ಗೇಟಿನಲ್ಲಿ ಕಡಿಮೆ" ಅನ್ನುವ ಜನಕ್ಕೆ ಹಿಟ್ಟು ಬೀಸಿಕೊಡುವವರಿಗೆ ಈ ಸಾವಿರಗಳು ದೊಡ್ಡವು.

ಹಾಗಾಗಿ ಅಣ್ಣನ ಮಾತು ತಲೆಯಲ್ಲಿ ಉಳಿಯಿತು. ಹಬ್ಬ ಮುಗಿದ ಸೋಮವಾರ ಮಿಷನ್ನು ಹುಡುಗನಿಗೆ ಒಪ್ಪಿಸಿ, ಆರು ತಿಂಗಳ ಬಿಲ್ಲುಗಳನ್ನು ಪಿನ್ನು ಹಾಕಿಕೊಂಡು ಕರೆಂಟ್ ಆಫೀಸಿಗೆ ಹೋದೆ.

ಅಲ್ಲಿದ್ದ ಜೆ.ಇ. (ಜೂನಿಯರ್ ಎಂಜಿನಿಯರ್) ಚಿಕ್ಕ ವಯಸ್ಸಿನವರು. ನನ್ನ ಪ್ರಶ್ನೆಗೆ ನಗಲಿಲ್ಲ, ಕುರ್ಚಿ ತೋರಿಸಿ ಕೂರಿಸಿದರು. "ಮೇಡಂ, ಬೆಂಗಳೂರಿನಿಂದ ದಾವಣಗೆರೆ ತನಕ ಎಂಟು ಜಿಲ್ಲೆಗೆ ಬೆಸ್ಕಾಂ ಒಂದೇ. 2002ರಿಂದ ಹಿಂಗೇ ಇದೆ. ಮುಂಬಯಿ ಥರ ಇಲ್ಲಿ ಇನ್ನೊಬ್ಬರಿಗೆ ಪರವಾನಗಿ ಇಲ್ಲ, ನಿಮ್ಮ ಮಿಷನ್ನಿಗೆ ಬೇರೆಯವರ ಹತ್ತಿರ ಹೋಗೋ ದಾರಿ ಇಲ್ಲ" ಅಂದರು. ರಾಜ್ಯವನ್ನು ಐದು ಸರ್ಕಾರಿ ಕಂಪನಿಗಳು ಹಂಚಿಕೊಂಡಿವೆ. ಬೇರೆ ಥರದ್ದು ಅಂದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ, ಗ್ರಾಹಕರೇ ಸದಸ್ಯರಾಗಿರುವ ಸಹಕಾರ ಸಂಘವೊಂದು ಹಳ್ಳಿಗಳಿಗೆ ಕರೆಂಟ್ ಹಂಚುತ್ತದೆ. ಅದನ್ನು ನಾನು ಕೇಳಿದ್ದು ಅವತ್ತೇ ಮೊದಲು.

"ಹಾಗಾದರೆ ವಸಂತನರಸಾಪುರದ ದೊಡ್ಡ ಫ್ಯಾಕ್ಟರಿಗಳು ಬೇರೆ ಕಡೆಯಿಂದ ಕರೆಂಟ್ ಕೊಳ್ಳಬಹುದು ಅಂತಾರಲ್ಲ?" ಎಂದೆ. ಕೊಳ್ಳಬಹುದು, ಅದಕ್ಕೆ ಓಪನ್ ಆಕ್ಸೆಸ್ ಅನ್ನುತ್ತಾರೆ. 2003ರ ವಿದ್ಯುತ್ ಕಾಯ್ದೆಯಡಿ ಒಂದು ಮೆಗಾವ್ಯಾಟ್ ದಾಟಿದವರಿಗೆ ಆ ಬಾಗಿಲು ತೆರೆಯಿತು. 2022ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದು, ಸೌರ, ಗಾಳಿ ಮುಂತಾದ ಹಸಿರು ವಿದ್ಯುತ್ತಿಗೆ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿತು. ಮೋಟರಿನ ಶಕ್ತಿ ಅಳೆಯುವ ಒಂದು ಎಚ್.ಪಿ. (ಹಾರ್ಸ್ ಪವರ್) ಎಂದರೆ 746 ವ್ಯಾಟ್. ನಮ್ಮ ಮೋಟರುಗಳನ್ನೆಲ್ಲ ಕೂಡಿದರೂ ಇಪ್ಪತ್ತು ಕಿಲೋವ್ಯಾಟ್ ಆಗುವುದಿಲ್ಲ.

ನನಗೆ ಅಲ್ಲೇ ಪಾವಗಡ ನೆನಪಾಯಿತು. ತಿರುಮಣಿ ಕಡೆ ನಮ್ಮ ಸೋದರತ್ತೆಯ ಮನೆಯವರ ಹೊಲ ಇದೆ. ಕಡಲೆಕಾಯಿ ಬಿತ್ತಿ ಮಳೆಗೆ ಕಾದು ಸಾಕಾಗಿದ್ದವರು ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಹೋದಾಗಲೆಲ್ಲ ಕಣ್ಣು ಹೋಗುವ ತನಕ ನೀಲಿ ಹಲಗೆಗಳು. ಅಲ್ಲಿ ಹುಟ್ಟಿದ ಕರೆಂಟು ಗ್ರಿಡ್ಡಿಗೆ ಸೇರಿ ಎಲ್ಲರ ಪಾಲಾಗುತ್ತದೆ, ನಮಗೂ ಅದರಲ್ಲಿ ಒಂದಿಷ್ಟು ಬರುತ್ತಿರಬಹುದು. ಆದರೆ ನಮ್ಮದೇ ಜಿಲ್ಲೆಯ ಬಿಸಿಲಿನ ಕರೆಂಟನ್ನು ನಮ್ಮ ರಾಗಿ ಮಿಷನ್ನಿಗೆ ಇಂಥ ದರಕ್ಕೆ ಕೊಡಿ ಎಂದು ಕೇಳುವ ಹಕ್ಕು ನನಗಿಲ್ಲ, ದೊಡ್ಡ ಫ್ಯಾಕ್ಟರಿಗಿದೆ. ಇದು ಸರಿಯಲ್ಲ ಎಂದು ಅವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಎದ್ದು ಹೊರಡುವವಳಿದ್ದೆ. ಜೆ.ಇ. ಬಿಲ್ಲುಗಳನ್ನು ತಮ್ಮ ಕಡೆ ಎಳೆದುಕೊಂಡು, "ಇರಿ, ಮಂಜೂರಾದ ಲೋಡು 25 ಎಚ್.ಪಿ. ಅಂತಿದೆ. ಏನೇನು ಮೋಟರಿದೆ ನಿಮ್ಮ ಹತ್ರ?" ಅಂದರು. ರಾಗಿಗೆ ಹತ್ತು, ಖಾರದ ಪುಡಿಗೆ ಏಳೂವರೆ ಎಂದೆ. ಉಳಿದ ಏಳೂವರೆ, ಭತ್ತದ ಹೊಟ್ಟು ಬಿಡಿಸುವ ಹಲ್ಲರಿನದು. ಈಗ ಪೇಟೆಯಲ್ಲಿ ಭತ್ತ ತರುವವರು ಯಾರು? ಎಲ್ಲರೂ ಅಕ್ಕಿ ಚೀಲವನ್ನೇ ತರುತ್ತಾರೆ. ಹಲ್ಲರನ್ನು ಅಪ್ಪನ ಕಾಲದಲ್ಲೇ ಬಿಚ್ಚಿ ಮಾರಿದ್ದಾಗಿದೆ. ಆದರೆ ನಿಗದಿತ ಶುಲ್ಕ ಬೀಳುವುದು ಮಂಜೂರಾದ ಎಚ್.ಪಿ. ಲೆಕ್ಕದ ಮೇಲೆ. ಮೋಟರು ತಿರುಗಿದರೂ ತಿರುಗದಿದ್ದರೂ ಅದನ್ನು ಕಟ್ಟಬೇಕು. ಮಳೆಗಾಲದ ಬಿಲ್ಲು ಇಳಿಯದಿರುವುದಕ್ಕೆ ಉತ್ತರ ಅಲ್ಲಿತ್ತು.

ಬಿಲ್ಲು ಒಟ್ಟಾರೆ ಹೆಚ್ಚುವುದಕ್ಕೆ ಇನ್ನೊಂದು ಕಾರಣ ಪಿ.ಎಫ್. ಎಂದು ಬರೆದಿದ್ದ ಸಾಲಿನಲ್ಲಿತ್ತು. ಪಿ.ಎಫ್. ಅಂದರೆ ಪವರ್ ಫ್ಯಾಕ್ಟರ್, ಎಳೆದುಕೊಂಡ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲಿನ ಲೆಕ್ಕ. ಮೋಟರು ಎಳೆದುಕೊಳ್ಳುವ ಕರೆಂಟೆಲ್ಲ ಕಲ್ಲು ತಿರುಗಿಸುವುದಿಲ್ಲ. ಒಂದು ಪಾಲು ಒಳಗಿನ ಸುರುಳಿಯಲ್ಲಿ ಕಾಂತಶಕ್ತಿ ಹುಟ್ಟಿಸಲು ಹೋಗಿಬರುತ್ತಾ ಇರುತ್ತದೆ, ತಂತಿಗೂ ಟ್ರಾನ್ಸ್‌ಫಾರ್ಮರಿಗೂ ಸುಮ್ಮನೆ ಹೊರೆ. ಆ ಪಾಲನ್ನು ಮೋಟರಿನ ಪಕ್ಕದಲ್ಲೇ ಒದಗಿಸುವುದಕ್ಕೆ ಕೆಪಾಸಿಟರ್ ಹಾಕುವುದು. ಪವರ್ ಫ್ಯಾಕ್ಟರ್ 0.85ಕ್ಕಿಂತ ಕೆಳಗಿಳಿದರೆ ಯೂನಿಟ್ಟಿನ ಮೇಲೆ ಹೆಚ್ಚುವರಿ ಬೀಳುತ್ತದೆ. ನಮ್ಮದು 0.7ರ ಹತ್ತಿರ ಓಡಾಡುತ್ತಿತ್ತು. "ಕೆಪಾಸಿಟರ್ ಸತ್ತಿರಬೇಕು, ನೋಡಿಸಿ" ಎಂದರು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದ. ಗೋಡೆಯ ಮೂಲೆಯಲ್ಲಿ ಹಿಟ್ಟಿನ ಧೂಳು ಬೆರಳು ದಪ್ಪ ಕೂತಿದ್ದ ಡಬ್ಬವನ್ನು ಒರೆಸಿ ತೋರಿಸಿದ. ಹೊಟ್ಟೆ ಉಬ್ಬಿ, ಎಣ್ಣೆ ಸೋರಿ ಒಣಗಿತ್ತು. "ಅಕ್ಕಾ, ಇದು ಹೋಗಿ ಯಾವ ಕಾಲ ಆಯ್ತೋ" ಅಂದ. ಹೊಸದು ಹಾಕಿಸಲು ಆದ ಖರ್ಚು ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ. ಹಿಟ್ಟಿನ ಮಿಷನ್ ಇಟ್ಟವರು ಯಾರೇ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಡಬ್ಬವನ್ನೊಮ್ಮೆ ನೋಡಿಸಿ.

ಲೋಡು ಇಳಿಸುವ ಅರ್ಜಿಗೆ ಸಹಿ ಬೇಕಾಗಿದ್ದದ್ದು ಅಪ್ಪನದು, ಆರ್.ಆರ್. ನಂಬರ್, ಅಂದರೆ ಕನೆಕ್ಷನ್ನಿನ ಗುರುತಿನ ಸಂಖ್ಯೆ, ಈಗಲೂ ಅವರ ಹೆಸರಿನಲ್ಲಿದೆ. ಸಂಜೆ ಕಾಗದ ಮುಂದಿಟ್ಟೆ. ಓದಿದರು, ಪೆನ್ನು ಮುಟ್ಟಲಿಲ್ಲ. "ಕೆಇಬಿಯವರು ಈ ಲೋಡು ಕೊಟ್ಟ ದಿನ ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದ್ದೆ ಕಣಮ್ಮ. ಇಪ್ಪತ್ತೈದು ಎಚ್.ಪಿ. ಮಿಷನ್ನು ಅಂದರೆ ಮಂಡಿಪೇಟೆಯವರೂ ತಿರುಗಿ ನೋಡೋರು" ಅಂದರು. ನಾನು ಏನೂ ಹೇಳಲು ಹೋಗಲಿಲ್ಲ. ಅವರಿಗೆ ಅದು ಶುಲ್ಕದ ಲೆಕ್ಕವಾಗಿರಲಿಲ್ಲ, ದುಡಿದು ಗಳಿಸಿದ ಒಂದು ಮರ್ಯಾದೆಯಾಗಿತ್ತು. ಊಟವಾದ ಮೇಲೆ ತಾವೇ ಕರೆದು, "ತಗೊಂಬಾ" ಎಂದು ಸಹಿ ಹಾಕಿಕೊಟ್ಟರು.

ಸೋಲಾರ್ ವಿಚಾರವನ್ನೂ ಕೇಳಿದ್ದುಂಟು. ಏಜೆನ್ಸಿಯೊಂದರ ಹುಡುಗ 78,000 ಸಬ್ಸಿಡಿ ಸಿಗುತ್ತದೆ ಎಂದು ಮಿಷನ್ನಿಗೇ ಬಂದು ಹೇಳಿದ. ಪಿಎಂ ಸೂರ್ಯಘರ್ ಯೋಜನೆಯ ಆ ಹಣ ವಾಸದ ಮನೆಗಳಿಗೆ ಮಾತ್ರ. ಮಿಷನ್ನಿನ ಮೀಟರಿಗೆ ನೆಟ್ ಮೀಟರಿಂಗ್, ಅಂದರೆ ಮಿಕ್ಕ ಸೋಲಾರ್ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆದುಕೊಳ್ಳುವ ವ್ಯವಸ್ಥೆ, ಮಾಡಿಸಬಹುದು, ಆದರೆ ಪೂರ್ತಿ ದುಡ್ಡು ನಮ್ಮದೇ. ಕಿಲೋವ್ಯಾಟಿಗೆ ನೂರು ಚದರಡಿಯಾದರೂ ನೆರಳಿಲ್ಲದ ಜಾಗ ಬೇಕು. ನಮ್ಮ ತಾರಸಿಯ ಮೇಲೆ ನೀರಿನ ಟ್ಯಾಂಕು, ಪಕ್ಕದಲ್ಲಿ ನಾಲ್ಕಂತಸ್ತಿನ ಕಟ್ಟಡ. ಸದ್ಯಕ್ಕೆ ಬಿಟ್ಟಿದ್ದೇನೆ.

ಬಿಡಲಾಗದೆ ಉಳಿದದ್ದು ಆ 100 ಕಿಲೋವ್ಯಾಟ್. ಒಬ್ಬನೇ ಗ್ರಾಹಕನ ಬೇರೆ ಬೇರೆ ಕನೆಕ್ಷನ್ನುಗಳು ಕರೆಂಟ್ ಕಂಪನಿಯ ಒಂದೇ ವಿಭಾಗದಲ್ಲಿದ್ದು, ಒಟ್ಟು 100 ಕಿಲೋವ್ಯಾಟ್ ಮುಟ್ಟಿದರೆ ಕೂಡಿಸಿಕೊಳ್ಳಲು ನಿಯಮ ಒಪ್ಪುತ್ತದೆ. ಹಾಗಿದ್ದರೆ ಅಕ್ಕಪಕ್ಕದ ಚಿಕ್ಕಚಿಕ್ಕ ಮಿಷನ್ನಿನವರು ಸೇರಿ ಯಾಕೆ ಕೂಡಿಸಬಾರದು? ಹಲ್ಲರು ಕಳೆದ ಮೇಲೆ ನಮ್ಮದು ಹದಿನೇಳೂವರೆ ಎಚ್.ಪಿ., ಅಂದರೆ 13 ಕಿಲೋವ್ಯಾಟ್. ಇಂಥ ಎಂಟು ಮಿಷನ್ನು ಸೇರಿದರೆ 104. ಎಂಟು ಮಿಷನ್ನು ಗುಬ್ಬಿ ಗೇಟಿನಿಂದ ಟೌನ್‌ಹಾಲ್ ತಲುಪುವುದರೊಳಗೇ ಸಿಗುತ್ತವೆ. ಹಾಲಿಗೆ ಸಂಘ ಕಟ್ಟಿದ ಜನ ನಾವು, ಹುಕ್ಕೇರಿಯವರು ಕರೆಂಟಿಗೂ ಕಟ್ಟಿದ್ದಾರೆ.

ಇದನ್ನೇ ಬರೆದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಕಳಿಸುವುದೆಂದು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ದರ ನಿಗದಿಗೆ ಮೊದಲು ಆಯೋಗ ಗ್ರಾಹಕರ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಕಾಗದ ಕನ್ನಡದಲ್ಲೇ ಇದೆ, ಎರಡು ಪುಟ. ಒಬ್ಬೊಬ್ಬರೂ ಹೆಸರಿನ ಮುಂದೆ ತಮ್ಮ ಆರ್.ಆರ್. ನಂಬರ್ ಬರೆದು ಸಹಿ ಹಾಕುತ್ತಿದ್ದಾರೆ. ಅಶೋಕ ರಸ್ತೆಯ ಇಬ್ಬರದು ಬಾಕಿ ಇದೆ. ಅವರದಾದ ಮೇಲೆ ಸ್ಪೀಡ್ ಪೋಸ್ಟ್ ಮಾಡುವುದು, ವಿಚಾರಣೆಯ ದಿನ ಗೊತ್ತಾದರೆ ನಾನೇ ಹೋಗುವುದು ಎಂದು ತೀರ್ಮಾನವಾಗಿದೆ.