ವಿ-ಕ್ರಾಸ್‌ಗೆ ಹೊಸ ಪ್ಲೇಟು, ಹೊಸ ಶಾಕ್ಸ್

ಶನಿವಾರ, ಮೇ 17, 2025
ಸಕಲೇಶಪುರ

ನನ್ನ ವಿ-ಕ್ರಾಸ್ ಪಿಕಪ್ ಗಾಡಿ ಇವತ್ತು ಸಂಜೆ ಗ್ಯಾರೇಜಿನಿಂದ ಹೊರಬಂತು. ಹಿಂದೆ ಎರಡೂ ಕಡೆ ಹೊಸ ಪ್ಲೇಟ್ ಸೆಟ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು), ಮುಂದೆ ಹೊಸ ಕಾಯಿಲ್ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಹೊಸ ಶಾಕ್ ಅಬ್ಸಾರ್ಬರ್. ಬಹಳ ದಿನ ಓದಿ, ಕೇಳಿ, ಲೆಕ್ಕ ಹಾಕಿ ಮಾಡಿಸಿದ ಕೆಲಸ ಇದು. ತೋಟದ ಕೆಲಸಕ್ಕೆ ಪಿಕಪ್ ಇಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನನ್ನದು 2018ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2.5 ಲೀಟರ್ ಡೀಸೆಲ್. ಆಂಧ್ರದ ಶ್ರೀಸಿಟಿಯಲ್ಲಿ 2016ರಿಂದ ತಯಾರಾಗುತ್ತಿದ್ದ ಮಾಡೆಲ್ಲು. ಮುಂದೆ ಡಬಲ್ ವಿಷ್‌ಬೋನ್ (ಒಂದೊಂದು ಚಕ್ರವನ್ನೂ ಮೇಲೊಂದು, ಕೆಳಗೊಂದು ತೋಳು ಹಿಡಿಯುವ ಜೋಡಣೆ) ಮತ್ತು ಕಾಯಿಲ್ ಸ್ಪ್ರಿಂಗ್. ಹಿಂದೆ ಎರಡೂ ಚಕ್ರ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಪ್ಲೇಟು. ಮುಂಭಾಗ ಕಾರಿನ ಥರ, ಹಿಂಭಾಗ ಲಾರಿಯ ಥರ. ಹಾಗಾಗಿ ಮುಂದಿನದಕ್ಕೊಂದು ಲೆಕ್ಕ, ಹಿಂದಿನದಕ್ಕೊಂದು ಲೆಕ್ಕ.

ಕಳೆದ ಮಳೆಗಾಲದಿಂದಲೇ ಹಿಂಭಾಗ ಕುಸಿದಿತ್ತು. ಡ್ರಮ್ಮು ತುಂಬಿಸಿ ತೋಟದೊಳಗಿನ ದಾರಿಗೆ ಇಳಿದರೆ ಒಂದೊಂದು ಗುಂಡಿಗೂ ಆಕ್ಸಲ್ ಹೋಗಿ ಅದನ್ನು ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ದಢಾರ್ ಅಂತ ಬಡಿಯುತ್ತಿತ್ತು. ಹಿಂದೆ ಕುಸಿದರೆ ಮೂತಿ ಮೇಲೇಳುತ್ತದೆ. ರಾತ್ರಿ ಶಿರಾಡಿ ಘಾಟಿಯಲ್ಲಿ ನನ್ನ ಹೆಡ್‌ಲೈಟು ನೇರ ಎದುರಿನವರ ಕಣ್ಣಿಗೆ. ಅಪ್ಪನಿಗೆ ಬೆನ್ನು ನೋವು ಬೇರೆ. ಹಾಸನಕ್ಕೆ ಆಸ್ಪತ್ರೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಮೇಲಿನ ಹಿಡಿ ಬಿಡದೆ ಕೂತಿರುತ್ತಿದ್ದರು. ಅದನ್ನು ಕನ್ನಡಿಯಲ್ಲಿ ನೋಡಿಕೊಂಡು ಗಾಡಿ ಓಡಿಸೋದು ಕಷ್ಟ.

ಈ ಸಲ ಮುಂಗಾರು ಮೇ 27ರ ಹೊತ್ತಿಗೇ ಕೇರಳ ಮುಟ್ಟುತ್ತದೆ ಅಂತ ಹವಾಮಾನ ಇಲಾಖೆ ಹೇಳಿದೆ. ಅಷ್ಟರೊಳಗೆ ಮೆಣಸಿನ ಬಳ್ಳಿಗೂ ಕಾಫಿಗೂ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದು ಮುಗಿಸಬೇಕು. ಆ ಕೆಲಸ ಶುರುವಾಗುವ ಮೊದಲೇ ಗಾಡಿ ರೆಡಿ ಆಗಲೇಬೇಕಿತ್ತು.

ಸಸ್ಪೆನ್ಷನ್ ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟು ಇಂಚು ಎತ್ತರಿಸಿದ್ರಿ?" ನಾನು ಎತ್ತರಿಸಲಿಲ್ಲ. ಹೊಸದರಲ್ಲಿ ಇದ್ದ ಎತ್ತರಕ್ಕೆ ಗಾಡಿಯನ್ನು ವಾಪಸ್ ತಂದಿದ್ದೇನೆ, ಅಷ್ಟೇ. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ ಇದೆ: ಈ ಗಾಡಿ ದಿನಾ ಎಷ್ಟು ತೂಕ ಹೊರುತ್ತದೆ?

ಸ್ಪ್ರಿಂಗ್ ಆರಿಸುವುದು ಪೂರ್ತಿ ಈ ಪ್ರಶ್ನೆಯ ಮೇಲೆ ನಿಂತಿದೆ. ಡಿ-ಮ್ಯಾಕ್ಸ್ ಥಾಯ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಸಿಕ್ಕಾಪಟ್ಟೆ ಓಡುವ ಗಾಡಿ. ಅದಕ್ಕೇ ಇದಕ್ಕೆ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಪ್ರೊಫೆಂಡರ್ ಅಂತ ಬೇಕಾದಷ್ಟು ಕಂಪನಿಗಳ ಮಾಲು ಸಿಗುತ್ತದೆ. ಒಂದೇ ಗಾಡಿಗೆ ಹಿಂದಿನ ಪ್ಲೇಟಿನಲ್ಲೇ ಹಗುರದ್ದು, ಮಧ್ಯಮದ್ದು, ಭಾರದ್ದು ಅಂತ ಬೇರೆ ಬೇರೆ ಸೆಟ್ ಇರುತ್ತವೆ. ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ಸದಾ ಗಾಡಿಯ ಮೇಲಿರುವ ತೂಕವನ್ನು. ವರ್ಷಕ್ಕೊಮ್ಮೆ ಹೊರುವ ಜಾಸ್ತಿ ಭಾರವನ್ನಲ್ಲ. ಭಾರದ ಸೆಟ್ ಹಾಕಿಸಿಕೊಂಡು ಖಾಲಿ ಓಡಾಡಿದರೆ ಪ್ಲೇಟು ಬಗ್ಗುವುದೇ ಇಲ್ಲ. ಹಿಂದಿನ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ. ಒದ್ದೆ ಮಣ್ಣಿನ ಏರಿನಲ್ಲಿ ಚಕ್ರಕ್ಕೆ ಹಿಡಿತವೇ ಸಿಗುವುದಿಲ್ಲ.

ನನ್ನ ತೂಕದ ಲೆಕ್ಕ ಹೀಗಿತ್ತು. 200 ಲೀಟರಿನ ಡ್ರಮ್ಮು ತುಂಬಿದರೆ ನೀರೇ 200 ಕೆಜಿ. ಅದು ಸೀಸನ್ನಿನಲ್ಲಿ ಮಾತ್ರ. ಉಳಿದಂತೆ ಹಿಂದೆ ಇರುವುದು ಸ್ಪ್ರೇ ಪಂಪು, ಪೈಪು, ಹತ್ಯಾರು, ಒಂದೆರಡು ಗೊಬ್ಬರದ ಚೀಲ. ಹಾಗಾಗಿ ಮಧ್ಯಮ ಸೆಟ್ ಸಾಕು ಅಂತ ತೀರ್ಮಾನ ಮಾಡಿದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಟ್ಟಿ ಪ್ಲೇಟು ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ತೂಕದ ಮಿತಿ ಏರುವುದಿಲ್ಲ. ಬ್ರೇಕು ಅದೇ, ಆಕ್ಸಲ್ ಅದೇ, ಚಾಸಿ ಅದೇ. ಗಾಡಿ ಕುಸಿಯಲಿಲ್ಲ ಅಂದರೆ ಭಾರ ಕಡಿಮೆ ಇದೆ ಅಂತ ಅರ್ಥ ಅಲ್ಲ.

ಮುಂದಿನ ಸ್ಪ್ರಿಂಗಿನ ವಿಷಯ ಇನ್ನೂ ಸೂಕ್ಷ್ಮ. ಆಸ್ಟ್ರೇಲಿಯಾದಲ್ಲಿ ಮೂತಿಗೆ ಬುಲ್ ಬಾರ್ ಅನ್ನುವ ಉಕ್ಕಿನ ಗಾರ್ಡು, ಅದರೊಳಗೆ ವಿಂಚ್ (ಹೂತ ಗಾಡಿ ಎಳೆಯುವ ಯಂತ್ರ) ಹಾಕಿಸಿಕೊಳ್ಳುವವರು ಬಹಳ. ಅವರಿಗಾಗಿಯೇ ಮಾಡಿದ ಗಟ್ಟಿ ಸ್ಪ್ರಿಂಗ್‌ಗಳಿವೆ. ನಮ್ಮಲ್ಲಿ ಬುಲ್ ಬಾರ್ ವಿರುದ್ಧ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ನನ್ನ ಗಾಡಿಗೂ ಅದಿಲ್ಲ. ಮೂತಿಯಲ್ಲಿ ತೂಕ ಇಲ್ಲದೆ ಆ ಸ್ಪ್ರಿಂಗ್ ಹಾಕಿಸಿದರೆ ಮುಂಭಾಗ ಕೊಕ್ಕರೆ ಕಾಲಿನ ಮೇಲೆ ನಿಂತ ಹಾಗೆ ನಿಲ್ಲುತ್ತದೆ. ಅಂಗಡಿಯವರು ಫೋನಿನಲ್ಲಿ ಅದನ್ನೇ ತಗೊಳ್ಳಿ ಅಂತ ಒತ್ತಾಯ ಮಾಡಿದರು, "ಎಲ್ಲರೂ ಅದೇ ಹಾಕಿಸ್ತಾರೆ ಸಾರ್" ಅಂದರು. ನಾನು ಒಪ್ಪಲಿಲ್ಲ. ಖಾಲಿ ಮೂತಿಗೆ ಸರಿಹೊಂದುವುದನ್ನೇ ತರಿಸಿಕೊಂಡೆ.

ಎತ್ತರ ಯಾಕೆ ಬೇಡ ಅಂದೆ ಅನ್ನುವುದಕ್ಕೆ ಕಾರಣ ಎರಡು. ಮೊದಲನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅಪಘಾತ ಆದಾಗ ವಿಮೆಯವರು ಕೇಳುವ ಪ್ರಶ್ನೆಗೆ ಉತ್ತರ ಇರಬೇಕು ಅಲ್ವಾ. ಅದಕ್ಕೇ ಹಳೆಯ ಸ್ಪ್ರಿಂಗು, ಪ್ಲೇಟು ಎಲ್ಲವನ್ನೂ ಗೋದಾಮಿನಲ್ಲಿ ಎತ್ತಿಟ್ಟಿದ್ದೇನೆ.

ಎರಡನೆಯದು ಗಾಡಿಯ ರಚನೆ. ಮುಂದಿನ ಚಕ್ರಕ್ಕೆ ಶಕ್ತಿ ತಲುಪಿಸುವ ಡ್ರೈವ್ ಶಾಫ್ಟಿನ ತುದಿಯಲ್ಲಿ ಸಿವಿ ಜಾಯಿಂಟ್ ಇದೆ, ಶಾಫ್ಟು ಓರೆಯಿದ್ದರೂ ಚಕ್ರ ತಿರುಗಿಸುವ ಕೀಲು ಅದು. ಮೂತಿ ಮೇಲೇರಿದಷ್ಟೂ ಆ ಶಾಫ್ಟು ಓರೆಯಾಗುತ್ತದೆ. ಜಾಯಿಂಟಿನ ರಬ್ಬರ್ ಬೂಟು ಒಂದು ಕಡೆ ಮಡಿಚಿಕೊಂಡು ಉಜ್ಜಿ ಹರಿಯುತ್ತದೆ. ಗ್ರೀಸು ಆಚೆ, ಕೆಸರು ಒಳಗೆ. ಚಕ್ರ ಹಿಡಿಯುವ ಮೇಲಿನ ತೋಳು, ಅಂದರೆ ಕಂಟ್ರೋಲ್ ಆರ್ಮಿನ ಬಾಲ್ ಜಾಯಿಂಟಿಗೂ ಅದೇ ಗತಿ. ಸುಮ್ನೆ ಹಳೆಯ ಸ್ಪ್ರಿಂಗಿಗೇ ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ ಹಾಕಿ ಎತ್ತರಿಸುವವರು ಇದ್ದಾರೆ. ಸ್ಪೇಸರಿನಿಂದ ಚಕ್ರದ ಓಡಾಟ ಒಂದು ಎಳೆಯೂ ಜಾಸ್ತಿಯಾಗುವುದಿಲ್ಲ. ಕೆಳಗಿಳಿಯಲು ಇದ್ದ ಜಾಗವೇ ಕಡಿಮೆಯಾಗುತ್ತದೆ. ಬಿಸ್ಲೆ ಕಡೆಯ ಕಲ್ಲುದಾರಿಯಲ್ಲಿ ಬೇಕಾಗಿರುವುದು ಚಕ್ರ ಗುಂಡಿಯೊಳಗೆ ಇಳಿದು ನೆಲ ಮುಟ್ಟುವುದು. ಅದನ್ನೇ ಕಳೆದುಕೊಂಡು ಎತ್ತರ ಪಡೆದು ಏನು ಮಾಡುವುದು?

ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ದುಡ್ಡು ಹಾಕಬೇಕಾದ ಜಾಗ ಶಾಕ್ ಅಬ್ಸಾರ್ಬರ್. ತೂಕ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗು ಕುಣಿಯದ ಹಾಗೆ ತಡೆಯುವುದು ಶಾಕ್ಸ್. ಒಳಗೆ ಎಣ್ಣೆ ಇದೆ, ಎಣ್ಣೆಯೊಳಗೆ ಪಿಸ್ಟನ್ ಇದೆ. ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಎಣ್ಣೆ ನುಗ್ಗುವಾಗ ಕುಣಿತದ ಶಕ್ತಿಯೆಲ್ಲ ಶಾಖವಾಗುತ್ತದೆ. ಕಲ್ಲುದಾರಿಯಲ್ಲಿ ಅರ್ಧ ಗಂಟೆ ಹೋಗಿ ಇಳಿದು ಶಾಕ್ಸಿನ ಹತ್ತಿರ ಕೈ ಒಯ್ದರೆ ಬಿಸಿ ಗೊತ್ತಾಗುತ್ತದೆ. ಎಣ್ಣೆ ಕಾದಷ್ಟೂ ತೆಳ್ಳಗಾಗುತ್ತದೆ. ಗಾಳಿ ಸೇರಿಕೊಂಡರೆ ನೊರೆ ಬರುತ್ತದೆ. ನೊರೆಯಲ್ಲಿ ಪಿಸ್ಟನ್‌ಗೆ ತಡೆಯೇ ಇಲ್ಲ. ಆಗಲೇ ಗಾಡಿ ತೇಲಾಡಲು ಶುರು ಮಾಡುವುದು. ಒಳ್ಳೆಯ ಶಾಕ್ಸಿನಲ್ಲಿ ಮೈ ದಪ್ಪ ಇರುತ್ತದೆ, ಎಣ್ಣೆ ಜಾಸ್ತಿ ಹಿಡಿಯುತ್ತದೆ. ನೊರೆ ಏಳದಂತೆ ನೈಟ್ರೋಜನ್ ಒತ್ತಡದಲ್ಲಿ ತುಂಬಿಸಿರುತ್ತಾರೆ.

ಇದನ್ನು ಇವತ್ತು ಕಣ್ಣಾರೆ ನೋಡಿದೆ. ಮೇಸ್ತ್ರಿ ಹಿಂದಿನ ಹಳೆಯ ಶಾಕ್ಸ್ ಬಿಚ್ಚಿ ಬೆಂಚಿನ ಮೇಲಿಟ್ಟರು. ಕೊಳವೆಯ ಮೇಲರ್ಧಕ್ಕೆ ಎಣ್ಣೆ ಸೋರಿ, ಅದಕ್ಕೆ ಕೆಂಪು ಧೂಳು ಮೆತ್ತಿ ಒಂದು ಪದರವೇ ಕಟ್ಟಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತಿತ್ತು. ರಾಡನ್ನು ಒಂದು ಕೈಯಲ್ಲಿ ಒತ್ತಿದರು. ಸಲೀಸಾಗಿ ಒಳಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. "ನೋಡಿ ಗೌಡ್ರೇ, ಜೀವ ಇಲ್ಲ" ಅಂದರು. ಹೊಸದಕ್ಕೆ ಕಟ್ಟಿದ್ದ ಪಟ್ಟಿ ಕತ್ತರಿಸಿದ ಕೂಡಲೇ ರಾಡು ತಾನಾಗಿ ನಿಧಾನಕ್ಕೆ ಹೊರಗೆ ಬಂತು. ಅದನ್ನು ಒತ್ತೋಕೆ ನಾನು ಎರಡೂ ಕೈ ಹಾಕಿ ಮೈಭಾರ ಬಿಡಬೇಕಾಯಿತು.

ಮೇಸ್ತ್ರಿ ಹಿಂದೆ ಲಾರಿ ಕೆಲಸ ಮಾಡಿದವರು. ಪ್ಲೇಟಿನ ವಿಷಯದಲ್ಲಿ ಅವರ ಮಾತೇ ಕೊನೆ. ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಹಳೆಯ ಯು-ಬೋಲ್ಟುಗಳನ್ನು ನೋಡಿದ ಕೂಡಲೇ ಪಕ್ಕಕ್ಕೆ ಎಸೆದರು. ಒಂದು ಸಲ ಬಿಗಿದು ಎಳೆದ ಯು-ಬೋಲ್ಟು ಮತ್ತೆ ಅದೇ ಹಿಡಿತ ಕೊಡುವುದಿಲ್ಲ, ಹೊಸದೇ ಬೇಕು. ಅದನ್ನು ನಾನು ಮೊದಲೇ ತರಿಸಿಟ್ಟಿದ್ದೆ. ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಟಾರ್ಚ್ ಹಿಡಿದು ಎರಡೂ ಕಡೆ ನೋಡಿದರು. ಅದು ಸ್ವಲ್ಪ ತಪ್ಪಿ ಕೂತರೂ ಆಕ್ಸಲ್ ಓರೆಯಾಗಿ, ಗಾಡಿ ರಸ್ತೆಯಲ್ಲಿ ಸೊಟ್ಟಗೆ ಹೋಗುತ್ತದೆ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. ಪ್ಲೇಟಿನ ತುದಿಯ ಕಣ್ಣಿನ ಬೋಲ್ಟು, ಅದನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿನ ಬೋಲ್ಟು ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು. "ಅಣ್ಣಾ, ಇದು ಸಡಿಲ ಇದೆಯಲ್ಲ" ಅಂದೆ. "ಈಗ ಟೈಟ್ ಮಾಡಬಾರದು. ಗಾಡಿ ಕೆಳಗಿಳೀಲಿ, ಭಾರ ಕೂರಲಿ" ಅಂದರು. ಗಾಡಿ ಜಾಕಿನ ಮೇಲೆ ನೇತಾಡುವಾಗಲೇ ಬಿಗಿದುಬಿಟ್ಟರೆ ಬೋಲ್ಟಿನ ಸುತ್ತ ಇರುವ ಬುಷ್ಷಿನ ರಬ್ಬರು ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕೆಳಗಿಳಿಸಿದಾಗ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿದುಹೋಗುತ್ತದೆ. ಚಕ್ರ ನೆಲಕ್ಕೆ ಕೂತು, ಗಾಡಿಯನ್ನು ನಾಲ್ಕು ಸಲ ಕುಲುಕಿಸಿದ ಮೇಲೆ ಅವರು ಕೆಳಗೆ ಮಲಗಿ ಟಾರ್ಕ್ ವ್ರೆಂಚಿನಲ್ಲಿ ಒಂದೊಂದೇ ಬಿಗಿದರು. ಗಂಟೆಗಟ್ಟಲೆ ಕೆಲಸ ಮಾಡಿ ಸುಸ್ತಾದ ಮೇಲೂ ಈ ಶ್ರದ್ಧೆ ಇಟ್ಟುಕೊಂಡವರು ಸಿಕ್ಕರೆ ಬಿಡಬಾರದು.

ಮುಂದಿನ ಕಾಯಿಲ್ ಕೂರಿಸುವ ಕೆಲಸವನ್ನು ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ. ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಒತ್ತಿ ಹಿಡಿದಾಗ ಅದರಲ್ಲಿರುವ ಶಕ್ತಿ ಸಣ್ಣದಲ್ಲ. ಜಾರಿದರೆ ಕೈಯೇ ಹೋಗಬಹುದು.

ಕೆಲಸಕ್ಕೆ ಮುಂಚೆ ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದುಕೊಂಡಿದ್ದೆ. ಆಮೇಲೆ ಮತ್ತೆ ಅಳೆದೆ. ಖಾಲಿ ಗಾಡಿ ಹಿಂದೆ 24 ಮಿ.ಮೀ. ಎದ್ದಿದೆ, ಮುಂದೆ 10 ಮಿ.ಮೀ. ಪ್ಲೇಟು ಹೊಸದರಲ್ಲಿ ಸ್ವಲ್ಪ ಕೂರುತ್ತದೆ, ಆಗ ಇನ್ನೂ ಇಳಿಯುತ್ತದೆ.

ಮನೆಗೆ ಬರುವಾಗ ಬೇಕೆಂದೇ ತೋಟದ ಕೆಳಗಿನ ದಾರಿ ಹಿಡಿದೆ. ಹಳ್ಳ ದಾಟಿದ ಮೇಲೆ ಮಳೆನೀರು ಕೊರೆದ ಅಡ್ಡ ಕಾಲುವೆ ಇದೆಯಲ್ಲ, ಅಲ್ಲಿ ಮೊದಲೆಲ್ಲ ಗಾಡಿ ಇಳಿದು, ಎದ್ದು, ಮತ್ತೆರಡು ಸಲ ತೂಗುತ್ತಿತ್ತು. ಇವತ್ತು ಇಳಿಯಿತು, ಎದ್ದಿತು, ಮುಗಿಯಿತು. ಕಲ್ಲು ಬಡಿಯುವ ಸದ್ದು ಟೈರಿನಲ್ಲೇ ನಿಂತಿತು, ಸ್ಟಿಯರಿಂಗಿಗೆ ಬರಲಿಲ್ಲ. ಖಾಲಿ ಗಾಡಿಯಲ್ಲಿ ಸಣ್ಣ ಉಬ್ಬುಗಳು ಮೊದಲಿಗಿಂತ ಸ್ವಲ್ಪ ಜಾಸ್ತಿ ಗೊತ್ತಾಗುತ್ತವೆ. ಅಷ್ಟು ಬಿಟ್ಟುಕೊಡಲೇಬೇಕು.

ಡಾಂಬರು ರಸ್ತೆಯಲ್ಲಿ ಮಾತ್ರ ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ. ಅದು ನಿರೀಕ್ಷಿಸಿದ್ದೇ. ಮುಂದಿನ ಎತ್ತರ ಒಂದಿಷ್ಟು ಬದಲಾದರೂ ಚಕ್ರ ನಿಲ್ಲುವ, ತಿರುಗುವ ಕೋನಗಳಾದ ಟೋ, ಕ್ಯಾಂಬರ್, ಕ್ಯಾಸ್ಟರ್ ಮೂರೂ ಬದಲಾಗುತ್ತವೆ. ಕ್ಯಾಸ್ಟರ್ ಕಡಿಮೆಯಾದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಅಲೆದಾಡುತ್ತದೆ. ಸೋಮವಾರ ಬೆಳಿಗ್ಗೆ ಹಾಸನದಲ್ಲಿ ಅಲೈನ್‌ಮೆಂಟಿಗೆ ಹೇಳಿಟ್ಟಿದ್ದೇನೆ. ಹೆಡ್‌ಲೈಟನ್ನೂ ಅಲ್ಲೇ ಹೊಂದಿಸಬೇಕು. ಅಪ್ಪನೂ ಬರುತ್ತೇನೆ ಅಂದಿದ್ದಾರೆ, ಡಾಕ್ಟರ ಹತ್ತಿರವೂ ಹೋಗುವುದಿದೆ.

500 ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಸಬೇಕು. ಪ್ಲೇಟುಗಳು ಒಂದರ ಮೇಲೊಂದು ಕೂತಾಗ ಅವು ಸಡಿಲ ಆಗುತ್ತವೆ. ಓಡೋಮೀಟರಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಹಿಂದೆ ಅಂಟಿಸಿದ್ದೇನೆ. ಮಂಗಳವಾರ ಮೈಲುತುತ್ತ, ಸುಣ್ಣ ತಂದು ಡ್ರಮ್ಮು ಏರಿಸುವುದು. ಭಾರ ಹೊತ್ತಾಗಿನ ಅಳತೆ ಆಗ ತೆಗೆದು ಇಲ್ಲೇ ಹಾಕುತ್ತೇನೆ.