ಎಣ್ಣೆ ಸುಮ್ಮನಾಗುವ ಹೊತ್ತು

ನಾಲ್ಕೂವರೆ ವರ್ಷದ ಆಯುರ್ವೇದ ವೈದ್ಯ ಪದವಿ ಬಿ.ಎ.ಎಂ.ಎಸ್. ಓದು, ಅದರ ಮೇಲೊಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ಹೆಸರಿನ ಮುಂದೆ ‘ಡಾಕ್ಟರ್’ ಎಂದು ಬರೆದುಕೊಳ್ಳುವ ಹಕ್ಕು ಪಡೆದ ಮೇಲೂ ನನಗೆ ಎರಡು ಲೀಟರ್ ಎಣ್ಣೆಯನ್ನು ನೆಟ್ಟಗೆ ಕಾಯಿಸಲು ಬರುತ್ತಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಗ್ಯಾಸ್ ಒಲೆಯ ಮೇಲೆ ಪುಟ್ಟ ಪಾತ್ರೆಯಿಟ್ಟು ಹತ್ತು ಮಂದಿ ಸುತ್ತ ನಿಂತು ನೋಡುತ್ತಿದ್ದೆವು. ಮೇಷ್ಟ್ರು ‘ಆಯಿತು, ಇಳಿಸಿ’ ಎಂದಾಗ ಇಳಿಸಿ, ರೆಕಾರ್ಡ್ ಪುಸ್ತಕದಲ್ಲಿ ‘ಪಾಕ ಸಿದ್ಧಿಸಿತು’ ಎಂದು ಬರೆಯುತ್ತಿದ್ದೆವು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡುತ್ತಿದ್ದುದೆಲ್ಲ ಕಂಪನಿಯಿಂದ ಮುಚ್ಚಳ ಬಿಗಿದು ಬಂದ ಬಾಟಲಿಗಳೇ. ಹಾಗಾಗಿ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮೂರು ತಲೆಮಾರಿನಿಂದ ಔಷಧಿ ಕೊಡುತ್ತ ಬಂದಿದ್ದ ಮನೆತನದ ಹಿರಿಯರೊಬ್ಬರ ಬಳಿ ಒಂದು ವರ್ಷ ಇದ್ದು ಕಲಿಯುತ್ತೇನೆಂದು ಹೊರಟೆ. ಊರವರು ಅವರನ್ನು ಪಂಡಿತರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಪಂಡಿತರು ನೋಂದಾಯಿತ ವೈದ್ಯರು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಔಷಧಿ ತಯಾರಿಸುತ್ತಿದ್ದರೇ ಹೊರತು ಅಂಗಡಿಗೆ ಕೊಡುತ್ತಿರಲಿಲ್ಲ. ವೈದ್ಯನಾದವನು ತನ್ನ ಸ್ವಂತ ರೋಗಿಗಳಿಗೆಂದು ಔಷಧಿ ಮಾಡಿಕೊಳ್ಳುವುದಕ್ಕೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಲ್ಲಿ ತಯಾರಿಕೆಯ ಪರವಾನಗಿಯಿಂದ ವಿನಾಯಿತಿ ಇದೆ. ಅದನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಆ ಒಂದು ಸಾಲಿನ ಆಶ್ರಯದಲ್ಲಿ ಒಂದು ಇಡೀ ಕೊಟ್ಟಿಗೆ ಬದುಕಿದೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಮೊದಲ ಕೆಲವು ತಿಂಗಳು ಬೇರು ಕೀಳುವುದು, ತೊಳೆಯುವುದು, ಜಜ್ಜುವುದು ಇಷ್ಟೇ ಕೆಲಸ. ಬಲಾ ಗಿಡದ ವಿಷಯದಲ್ಲಿ ಆಗಲೇ ಒಂದು ಚರ್ಚೆಯಾಯಿತು. ನಾನು ಓದಿದ ಬಲಾ ಎಂದರೆ ಹೃದಯದಾಕಾರದ, ಮೈತುಂಬ ಮೃದುವಾದ ರೋಮವಿರುವ ಎಲೆಯ ಹೆತ್ತುತ್ತಿ, ಸಸ್ಯಶಾಸ್ತ್ರದಲ್ಲಿ ಸೈಡಾ ಕಾರ್ಡಿಫೋಲಿಯಾ. ಸರ್ಕಾರದ ಆಯುರ್ವೇದ ಔಷಧಕೋಶವೂ ಅದನ್ನೇ ಹೇಳುತ್ತದೆ. ಪಂಡಿತರ ಅಂಗಳದಲ್ಲಿ ಒಣಗುತ್ತಿದ್ದುದು ಕೇರಳದವರು ಕುರುಂತೋಟಿ ಎನ್ನುವ, ಅದೇ ಕುಲದ ಬೇರೊಂದು ಗಿಡ. ನಾನು ಪುಸ್ತಕ ತೆಗೆದು ತೋರಿಸಿದಾಗ ಅವರು ವಾದಿಸಲಿಲ್ಲ. ಗದ್ದೆಯ ಬದುವಿಗೆ ಕರೆದುಕೊಂಡು ಹೋಗಿ ಕೀಳು ಎಂದರು. ಮೊಣಕಾಲೆತ್ತರದ ಗಿಡ ಎರಡು ಕೈಗೂ ಬರಲಿಲ್ಲ, ಅಂಗೈಯ ಚರ್ಮ ಸುಲಿಯಿತು. ‘ಬಲಾ ಅಂತ ಯಾಕೆ ಹೆಸರಿಟ್ಟರು ಅಂತ ಗೊತ್ತಾಯ್ತಲ್ಲ’ ಎಂದು ನಕ್ಕರು. ಅದು ಉತ್ತರವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹೆತ್ತುತ್ತಿಯ ಬೇರೂ ಸುಲಭಕ್ಕೆ ಬರುವುದಿಲ್ಲ. ಆದರೆ ಯಾವ ಸೀಮೆಯಲ್ಲಿ ಯಾವ ಗಿಡವನ್ನು ಬಳಸುತ್ತ ಬಂದಿದ್ದಾರೆ ಎಂಬುದನ್ನು ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದಿಡಬೇಕೆಂದು ನಾನು ಹಟ ಹಿಡಿದೆ, ಅವರು ಒಪ್ಪಿದರು.

ಆಷಾಢದಲ್ಲಿ, ಮಳೆ ಒಂದೇ ಸಮನೆ ಹೊಯ್ಯುತ್ತಿದ್ದ ದಿನಗಳಲ್ಲಿ, ‘ಈ ಸಲದ ಕ್ಷೀರಬಲಾ ತೈಲ ನೀನೇ ಮಾಡು’ ಎಂದರು. ಎಳ್ಳೆಣ್ಣೆಯನ್ನು ಬಲಾಮೂಲದ ಕಷಾಯ, ಅದೇ ಬೇರನ್ನು ಅರೆದ ಕಲ್ಕ ಮತ್ತು ಎಣ್ಣೆಯಷ್ಟೇ ಹಾಲು ಇವುಗಳೊಂದಿಗೆ ಬೇಯಿಸುವುದು ಅದರ ಕ್ರಮ. ಎರಡು ಲೀಟರ್ ಎಣ್ಣೆಗೆ ಎರಡು ಲೀಟರ್ ಹಾಲು, ಎಣ್ಣೆಯ ಕಾಲುಭಾಗದಂತೆ ಅರ್ಧ ಕಿಲೋ ಕಲ್ಕ, ನಾಲ್ಕು ಪಟ್ಟು ಎಂದರೆ ಎಂಟು ಲೀಟರ್ ಕಷಾಯ. ಆ ಎಂಟು ಲೀಟರ್ ಸಿಗಬೇಕಾದರೆ ನಾಲ್ಕು ಕಿಲೋ ಜಜ್ಜಿದ ಬೇರನ್ನು ಮೂವತ್ತೆರಡು ಲೀಟರ್ ನೀರಿನಲ್ಲಿ ಕುದಿಸಿ ಕಾಲುಭಾಗಕ್ಕೆ ಇಳಿಸಬೇಕು. ಇದನ್ನೆಲ್ಲ ಒಂದೇ ದಿನದಲ್ಲಿ ಮುಗಿಸಬಾರದೆಂದು ಹಳೆಯ ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ತುಪ್ಪ, ಎಣ್ಣೆ, ಬೆಲ್ಲದ ಪಾಕಗಳು ರಾತ್ರಿ ಕಳೆದಷ್ಟೂ ಗುಣ ಕೂಡಿಸಿಕೊಳ್ಳುತ್ತವಂತೆ. ಮೊದಲ ದಿನ ಕಷಾಯ ಮಾಡಿ ಎಣ್ಣೆಗೆ ಸೇರಿಸಿದೆ, ಎರಡನೆಯ ದಿನ ಹಾಲು ಹಾಕಿ ಸಣ್ಣ ಉರಿಯಲ್ಲಿಟ್ಟೆ, ಮೂರನೆಯ ದಿನ ಬೆಳಿಗ್ಗೆ ಪಾಕ ಮುಗಿಸಲು ಕುಳಿತೆ.

ಎಣ್ಣೆಯ ಪಾಕ ಮುಗಿದದ್ದನ್ನು ತಿಳಿಯುವ ಲಕ್ಷಣಗಳು ನನಗೆ ಕಂಠಸ್ಥವಾಗಿದ್ದವು. ಕಲ್ಕವನ್ನು ಬೆರಳಿನಲ್ಲಿ ಹೊಸೆದರೆ ಬತ್ತಿಯಾಗಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಸದ್ದಾಗಬಾರದು. ತುಪ್ಪವಾದರೆ ನೊರೆ ಅಡಗಬೇಕು, ಎಣ್ಣೆಯಾದರೆ ನೊರೆ ಏಳಬೇಕು. ಹತ್ತು ಗಂಟೆಯ ಹೊತ್ತಿಗೆ ಕಂಚಿನ ಉರುಳಿಯ ತುಂಬ ಬೆಳ್ಳನೆಯ ನೊರೆ ಎದ್ದಿತು. ನನಗೆ ಹಿಗ್ಗೋ ಹಿಗ್ಗು. ಸಟ್ಟುಗ ಬದಿಗಿಟ್ಟು, ಇಕ್ಕಳ ಹುಡುಕಿ ಉರುಳಿ ಇಳಿಸಲು ಹೊರಟೆ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಿದ್ದ ಪಂಡಿತರು ಕುಳಿತಲ್ಲಿಂದಲೇ, ‘ತಂಗೀ, ಇಳಿಸಬೇಡ, ಅದಿನ್ನೂ ಮಾತಾಡ್ತಾ ಇದೆ’ ಎಂದರು.

ಹತ್ತಿರ ಬಂದು ತಳದಿಂದ ಸ್ವಲ್ಪ ಕಲ್ಕ ತೆಗೆದು ನನ್ನ ಬೆರಳಿಗಿಟ್ಟರು. ಹೊಸೆದರೆ ಕೆಸರಿನ ಹಾಗೆ ಅಂಟಿತು, ಬತ್ತಿಯಾಗಲಿಲ್ಲ. ಅದನ್ನೇ ಕಡ್ಡಿಯ ತುದಿಗೆ ಮೆತ್ತಿ ಉರಿಗೆ ಹಿಡಿದಾಗ ಒಗ್ಗರಣೆಗೆ ಹಸಿ ಕರಿಬೇವು ಬಿದ್ದ ಹಾಗೆ ಚಟಪಟ ಸಿಡಿಯಿತು. ನಾನು ಕಂಡದ್ದು ಹಾಲಿನ ನೊರೆ. ಹಾಲು ಹಾಕಿದ ಎಣ್ಣೆಯಲ್ಲಿ ಮೊದಲೇ ಒಂದು ಸುಳ್ಳು ನೊರೆ ಏಳುತ್ತದೆ, ಅದು ಅಡಗಿ ಎಷ್ಟೋ ಹೊತ್ತಿನ ಮೇಲೆ ಎಣ್ಣೆಯದೇ ನೊರೆ ಸಣ್ಣ ಗುಳ್ಳೆಗಳಾಗಿ ಅಂಚಿನಿಂದ ಬರುತ್ತದೆ ಎಂದು ಪಂಡಿತರು ವಿವರಿಸಿದರು. ಆಗ ಇಳಿಸಿದ್ದರೆ ಅದು ಆಮಪಾಕ, ಎಂದರೆ ಇನ್ನೂ ಹಸಿಯಾದ ಪಾಕವಾಗುತ್ತಿತ್ತು. ನೀರು ಉಳಿದ ಎಣ್ಣೆ ತಿಂಗಳೊಳಗೆ ಹಳಸಿ ಬೂಸಲು ಹಿಡಿಯುತ್ತಿತ್ತು.

ಮತ್ತೆ ಒಲೆಯ ಮುಂದೆ ಕುಳಿತೆ. ಇಲ್ಲಿಂದ ಮುಂದೆ ಆದದ್ದಕ್ಕೆ ಮಳೆಯನ್ನು ದೂರಬಹುದು, ಹಸಿ ಸೌದೆಯನ್ನು ದೂರಬಹುದು. ನಿಜ ಹೇಳಬೇಕೆಂದರೆ ನನಗೆ ಬೇಸರ ಬಂದಿತ್ತು, ಅವಮಾನವೂ ಆಗಿತ್ತು. ಉರಿ ಸತ್ತಂತೆ ಕಂಡಾಗ ಒಣ ಅಡಿಕೆ ಸಿಪ್ಪೆಯನ್ನು ಎರಡು ಬೊಗಸೆ ಒಲೆಗೆ ಸುರಿದೆ. ಅದು ಭುಗ್ಗೆಂದು ಹತ್ತಿಕೊಂಡಿತು. ಅದೇ ಸಮಯಕ್ಕೆ ಕೊನೆಗೌಡನೊಬ್ಬ ಭುಜ ಹಿಡಿದುಕೊಂಡು ಬಂದು ಜಗಲಿಯ ಮೆಟ್ಟಿಲಲ್ಲಿ ಕುಳಿತ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ; ಮೈಲುತುತ್ತ, ಸುಣ್ಣದ ದ್ರಾವಣವನ್ನು ಅಡಿಕೆ ಕೊನೆಗಳಿಗೆ ಸಿಂಪಡಿಸಲು ಜಾರುವ ಮರವನ್ನು ದಿನಕ್ಕೆ ಹತ್ತಾರು ಸಲ ಹತ್ತಿ, ಮರದಿಂದ ಮರಕ್ಕೆ ದಾಟುವವರು ಅವರು. ಬಲತೋಳು ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಪಂಡಿತರು ಅವನನ್ನು ಮೊದಲು ಶಿರಸಿಗೆ ಕಳುಹಿಸಿ ಎಕ್ಸ್‌ರೇ ತೆಗೆಸಿದ್ದರು. ಮೂಳೆ ಸರಿಯಿದೆ ಎಂದಾದ ಮೇಲೆ ಅವಬಾಹುಕ, ಎಂದರೆ ಭುಜ ಬಿಗಿದು ತೋಳು ಏಳದ ರೋಗ ಎಂದು ತೀರ್ಮಾನಿಸಿ, ಹೊಸ ಎಣ್ಣೆ ಆದೊಡನೆ ನಸ್ಯ (ಮೂಗಿಗೆ ಎಣ್ಣೆ ಬಿಡುವುದು) ಮತ್ತು ಅಭ್ಯಂಗ (ಮೈಗೆ ಎಣ್ಣೆ ತಿಕ್ಕುವುದು) ಶುರು ಮಾಡೋಣ ಎಂದಿದ್ದರು. ನಾನು ಸಟ್ಟುಗವನ್ನು ಉರುಳಿಯಲ್ಲೇ ಬಿಟ್ಟು, ಕಲಿತದ್ದನ್ನು ತೋರಿಸುವ ಉತ್ಸಾಹದಲ್ಲಿ ಅವನ ತೋಳನ್ನು ಎತ್ತಿ, ಹಿಂದಕ್ಕೆ ತಿರುಗಿಸಿ ಪರೀಕ್ಷಿಸತೊಡಗಿದೆ. ಹೆಚ್ಚೆಂದರೆ ಐದು ನಿಮಿಷ.

‘ಡಾಕ್ಟ್ರಮ್ಮಾ, ಹಾಲು ಸೀದ ವಾಸನೆ ಬರ್ತದೆ ಅಲ್ರಾ?’ ಎಂದು ಕೇಳಿದವನು ಅವನೇ.

ಓಡಿ ಹೋಗಿ ಸಟ್ಟುಗ ಆಡಿಸಿದರೆ ತಳದಲ್ಲಿ ಕರಕರ ಎಂದಿತು. ಹಾಲಿನ ಗಸಿಯೂ ಕಲ್ಕವೂ ಸೇರಿ ತಳ ಹಿಡಿದು ಕಪ್ಪಾಗಿದ್ದವು. ಎಣ್ಣೆ ಮಾತ್ರ ಮೇಲೆ ತಿಳಿಯಾಗಿ, ಕೆಂಪಗೆ, ನೋಡಲು ಚಂದವಾಗಿಯೇ ಇತ್ತು. ಪಂಡಿತರು ಬಂದು ಕಲ್ಕ ತೆಗೆದು ಹೊಸೆದರು. ಬತ್ತಿಯಾಗುವ ಬದಲು ಮರಳಿನಂತೆ ಉದುರಿತು. ಬೈಯಲಿಲ್ಲ. ‘ಯಾವ ಪಾಕ, ಹೇಳು’ ಎಂದು ಪರೀಕ್ಷೆಗೆ ಕೇಳಿದ ಹಾಗೆ ಕೇಳಿದರು. ಕಲ್ಕದಲ್ಲಿ ತುಸು ತೇವ ಉಳಿದರೆ ಮೃದುಪಾಕ, ಅದು ನಸ್ಯಕ್ಕೆ. ತೇವ ಹೋಗಿಯೂ ಮೆತ್ತಗಿದ್ದರೆ ಮಧ್ಯಮ, ಅದು ಎಲ್ಲಕ್ಕೂ. ಸ್ವಲ್ಪ ಗಟ್ಟಿಯಾದರೆ ಖರ, ಅದು ಮೈಗೆ ಹಚ್ಚಲಿಕ್ಕೆ. ಅದಕ್ಕೂ ಮೀರಿದರೆ ದಗ್ಧಪಾಕ, ಯಾವುದಕ್ಕೂ ಇಲ್ಲ. ನಾನು ಸಣ್ಣ ದನಿಯಲ್ಲಿ ‘ಖರ’ ಎಂದೆ. ಅವರು ಉರುಳಿಯನ್ನು ನನ್ನ ಮೂಗಿನ ಹತ್ತಿರಕ್ಕೆ ವಾಲಿಸಿದರು. ‘ದಗ್ಧ’ ಎಂದು ತಿದ್ದಿಕೊಂಡೆ. ಕೊನೆಗೌಡನಿಗೆ ಹಳೆಯ ಎಣ್ಣೆಯ ತಳದಲ್ಲಿ ಉಳಿದಿದ್ದ ಸ್ವಲ್ಪವನ್ನು ಕೊಟ್ಟು, ಇಪ್ಪತ್ತು ದಿನ ಮರ ಹತ್ತಬೇಡ ಎಂದು ಹೇಳಿ ಕಳುಹಿಸಿದರು. ಈ ಕಾಲದಲ್ಲಿ ಮರ ಹತ್ತದಿದ್ದರೆ ಹೊಟ್ಟೆಗೇನು ಎಂಬ ಮಾತನ್ನು ಅವನು ಆಡಲಿಲ್ಲ, ಮುಖದಲ್ಲಿತ್ತು.

ಮೂರು ದಿನದ ಕೆಲಸ, ನಾಲ್ಕು ಕಿಲೋ ಬೇರು, ಎರಡು ಲೀಟರ್ ಗಾಣದ ಎಣ್ಣೆ. ಚೆಲ್ಲಲು ಯಾರಿಗೂ ಮನಸ್ಸು ಬರಲಿಲ್ಲ. ಸಂಜೆ ಮನೆಯ ಅಮ್ಮ ಅದನ್ನೇ ಸೋಸಿ ದೇವರ ದೀಪಕ್ಕೆ ಹಾಕಿದರು. ಒಳಗೆಲ್ಲ ಸೀದ ಹಾಲಿನ ಕಮಟು ತುಂಬಿತು. ಪಂಡಿತರು ಸಂಧ್ಯಾವಂದನೆಗೆ ಕೂರುವ ಮುನ್ನ ದೀಪದ ಹತ್ತಿರ ಕಿವಿ ತಂದು, ‘ಒಂದು ಚೂರೂ ಸದ್ದಿಲ್ಲ, ಪಾಕ ಮಾತ್ರ ಭರ್ತಿಯಾಗಿದೆ’ ಎಂದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ಅಂದು ನಗು ಬರಲಿಲ್ಲ.

ಆ ರಾತ್ರಿ ಯೋಚಿಸುತ್ತ ಮಲಗಿದಾಗ, ಆ ಸದ್ದಿನ ಲೆಕ್ಕ ಪಿಯುಸಿಯ ಭೌತಶಾಸ್ತ್ರದಷ್ಟು ಸರಳವೆಂದು ಹೊಳೆಯಿತು. ಕಲ್ಕದಲ್ಲಿ ನೀರಿರುವ ತನಕ ಶಾಖವೆಲ್ಲ ಅದನ್ನು ಆವಿಯಾಗಿಸಲು ಖರ್ಚಾಗಿ ಪಾತ್ರೆಯ ಉಷ್ಣತೆ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ನೀರು ಮುಗಿದದ್ದೇ ತಡ, ತಡೆಯುವವರಿಲ್ಲದೆ ಅದು ಸರ್ರನೆ ಏರುತ್ತದೆ. ಬತ್ತಿಯ ಚಟಪಟ ಎಂದರೆ ಉಳಿದ ನೀರಿನ ಸದ್ದು. ಅದು ನಿಂತ ಗಳಿಗೆಗೂ ಕಲ್ಕ ಸುಡುವ ಗಳಿಗೆಗೂ ನಡುವೆ ಸಿಗುವ ಸಮಯ ತೀರ ಕಡಿಮೆ. ನಾನು ಎದ್ದು ಹೋದದ್ದು ಸರಿಯಾಗಿ ಆ ಹೊತ್ತಿಗೆ.

ಎರಡನೆಯ ಸಲದ ಎಣ್ಣೆಗೆ ಶ್ರಾವಣ ಬಂದಿತ್ತು. ಬೇರು ಕಿತ್ತವಳೂ ನಾನೇ, ಎಣ್ಣೆಗೆ ದುಡ್ಡು ಕೊಟ್ಟವಳೂ ನಾನೇ. ಶಿರಸಿಯಿಂದ ಒಂದು ಥರ್ಮಾಮೀಟರ್ ತಂದು ಉರುಳಿಗೆ ಇಳಿಬಿಟ್ಟಾಗ ಪಂಡಿತರು ಗೇಲಿ ಮಾಡಿಯಾರೆಂದು ಅಳುಕಿತ್ತು. ಅವರು ಹಾಗೇನೂ ಮಾಡಲಿಲ್ಲ. ಕವಳದ ತಟ್ಟೆಯನ್ನು ಜಗಲಿಯಲ್ಲೇ ಬಿಟ್ಟು ಒಲೆಯ ಬಳಿ ಮಣೆ ಹಾಕಿ ಕುಳಿತರು. ಸುಳ್ಳು ನೊರೆ ಎದ್ದು ಅಡಗಿತು. ಸೌದೆ ಹಿಂದಕ್ಕೆಳೆದು ಕೆಂಡದ ಮೇಲೆಯೇ ಬಿಟ್ಟೆವು. ಸಟ್ಟುಗ ತಳ ಬಿಡದಂತೆ ತಿರುವುತ್ತ ನನ್ನ ರಟ್ಟೆ ಸೋತಾಗ ಅವರು ಹಿಡಿದರು, ಅವರು ಸೋತಾಗ ನಾನು.

‘ಈಗ ಎಷ್ಟು?’ ಎಂದರು.

‘ನೂರಾ ಎರಡು.’

ಬತ್ತಿ ಹೊಸೆದು ಉರಿಗೆ ಹಿಡಿದರು. ಎರಡು ಸಲ ಸಣ್ಣಗೆ ಸಿಡಿಯಿತು.

‘ಈಗ?’

‘ನೂರಾ ಐದು.’

ಇನ್ನೊಂದು ಬತ್ತಿಯನ್ನು ನನ್ನ ಕೈಗೆ ಕೊಟ್ಟರು. ಉರಿಗೆ ಹಿಡಿದೆ. ಮಾಡಿನಿಂದ ಇಳಿಯುವ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಪಂಡಿತರು ಆಗಲೇ ಇಕ್ಕಳ ಹಿಡಿದು ಎದ್ದು ನಿಂತಿದ್ದರು.